ಮೊದಲು ನಾವು ಕುಳಿತುಕೊಳ್ಳೋಣ

ಸಂಜೆ ಏಳು ಗಂಟೆ. ನಿಮ್ಮ ಮನೆಯ ನಡುಮನೆಯನ್ನು ಒಂದು ಕ್ಷಣ ಹೊರಗಿನವರಂತೆ ನಿಂತು ನೋಡಿ. ಟಿ.ವಿ. ತನ್ನಷ್ಟಕ್ಕೆ ತಾನು ಮಾತನಾಡುತ್ತಿದೆ. ನೋಡುವವರು ಯಾರೂ ಇಲ್ಲ. ತಂದೆಯ ಕೈಯಲ್ಲಿ ಒಂದು ಮೊಬೈಲು, ತಾಯಿಯ ಕೈಯಲ್ಲಿ ಇನ್ನೊಂದು. ಕುಕ್ಕರು ಎಷ್ಟು ಸಲ ಕೂಗಿತೆಂದು ಎಣಿಸಿದವರಿಲ್ಲ. ಟ್ಯೂಷನ್ನಿನಿಂದ ಬಂದ ಮಗು ಚೀಲವನ್ನು ಮೂಲೆಗೆಸೆದು ಏನನ್ನೋ ಹೇಳಲು ಬಾಯಿ ತೆರೆಯುತ್ತದೆ. 'ಹ್ಞೂಂ, ಹೇಳು' ಎನ್ನುತ್ತೇವೆ. ಕಣ್ಣನ್ನು ಮಾತ್ರ ಮೇಲೆತ್ತುವುದಿಲ್ಲ. ಮಗು ಅರ್ಧ ಹೇಳಿ ನಿಲ್ಲಿಸುತ್ತದೆ. ನಿಲ್ಲಿಸಿದ್ದು ಕೂಡ ನಮ್ಮ ಅರಿವಿಗೆ ಬರುವುದಿಲ್ಲ. ಮರುವಾರ ಇದೇ ಮಗುವಿನ ಬಗ್ಗೆ ಶಾಲೆಗೆ ಹೋಗಿ ದೂರುತ್ತೇವೆ: 'ಇವನಿಗೆ ಏಕಾಗ್ರತೆಯೇ ಇಲ್ಲ, ಟೀಚರ್.'

ಈಗ ಈ ರೋಗಕ್ಕೆ ಮದ್ದು ದೊರೆತಿದೆಯಂತೆ. ಅದರ ಹೆಸರು ಮೈಂಡ್‌ಫುಲ್‌ನೆಸ್. ಮಕ್ಕಳಿಗಾಗಿ ಅದರ ಶಿಬಿರಗಳಿವೆ, ಪುಸ್ತಕಗಳಿವೆ, ಬಣ್ಣದ ಕಾರ್ಡುಗಳಿವೆ, ತಿಂಗಳ ಶುಲ್ಕ ಕಟ್ಟಿಸಿಕೊಳ್ಳುವ ಆ್ಯಪ್‌ಗಳೂ ಇವೆ. ಪರದೆಯಿಂದ ಕಂಗೆಟ್ಟ ಮಗುವಿಗೆ ಉಸಿರಾಡುವುದನ್ನು ಕಲಿಸಲು ಮತ್ತೊಂದು ಪರದೆ! ಪ್ರಿಯ ಓದುಗರೇ, ಈ ವಿದ್ಯೆಯನ್ನು ಹಳಿಯಲು ನಾನು ಲೇಖನಿ ಹಿಡಿದಿಲ್ಲ. ಅದು ಒಳ್ಳೆಯ ವಿದ್ಯೆ. ನನ್ನ ತಕರಾರು ಇರುವುದು ಅದನ್ನು ನಾವು ಬಳಸಹೊರಟಿರುವ ಬಗೆಯ ಕುರಿತು. ಹಿರಿಯರು ಕಳೆದುಕೊಂಡದ್ದನ್ನು ಮಕ್ಕಳ ಕೈಯಲ್ಲಿ ಹುಡುಕಿಸುತ್ತಿದ್ದೇವೆ. ಮನೆಯ ಗದ್ದಲಕ್ಕೆ ಮಗುವನ್ನು ಹೊಣೆ ಮಾಡಿ, 'ಕಣ್ಣು ಮುಚ್ಚಿ ಕುಳಿತುಕೋ' ಎಂದು ಅದಕ್ಕೆ ಅಪ್ಪಣೆ ಕೊಡಿಸುತ್ತಿದ್ದೇವೆ. ಇದು ಅನ್ಯಾಯ.

ಹೆಸರು ಹೊಸದು, ಅರ್ಥ ಹಳೆಯದು

ಮೈಂಡ್‌ಫುಲ್‌ನೆಸ್ ಎಂಬ ಇಂಗ್ಲಿಷ್ ಪದದ ಹಿಂದೆ ಪಾಳಿ ಭಾಷೆಯ 'ಸತಿ' ಎಂಬ ಶಬ್ದವಿದೆ. ಸಂಸ್ಕೃತದಲ್ಲಿ ಅದೇ 'ಸ್ಮೃತಿ'. ಬೌದ್ಧ ಸಾಧಕರು ಶತಮಾನಗಳಿಂದ ಪಾಲಿಸಿಕೊಂಡು ಬಂದ ಈ ಎಚ್ಚರದ ಅಭ್ಯಾಸವನ್ನು ಜಾನ್ ಕಬಟ್-ಜಿನ್ ಎಂಬ ಅಮೆರಿಕದ ವಿಜ್ಞಾನಿ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ ತಂದರು. ದೀರ್ಘಕಾಲದ ನೋವಿನಿಂದ ನರಳುವ ವಯಸ್ಕ ರೋಗಿಗಳಿಗಾಗಿ ಎಂಟು ವಾರಗಳ ತರಬೇತಿಯೊಂದನ್ನು ರೂಪಿಸಿದರು. ಒಂದೇ ಒಂದು ಒಣದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು, ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು ಆ ತರಬೇತಿಯ ಪ್ರಸಿದ್ಧ ಪಾಠ. ಈಗ ನಡೆಯುತ್ತಿರುವ ಕ್ಷಣದಲ್ಲಿ, ತಪ್ಪು ಸರಿಯೆಂಬ ತೀರ್ಪು ಕೊಡದೆ, ಬೇಕೆಂದೇ ಮನಸ್ಸನ್ನು ನೆಲೆಗೊಳಿಸುವುದು ಅದರ ತಿರುಳು.

ಇದಕ್ಕೆ ನಮ್ಮ ಕನ್ನಡದಲ್ಲಿ ಪದವಿಲ್ಲವೆಂದು ಯಾರು ಹೇಳಿದರು? 'ಸಾವಧಾನ' ಎನ್ನುತ್ತೇವಲ್ಲ, ಅದೇ. ಅವಧಾನವೆಂದರೆ ಗಮನ, ಗಮನದೊಡನೆ ಇರುವುದು ಸಾವಧಾನ. 'ಸಾವಧಾನವಾಗಿ ಊಟ ಮಾಡು', 'ಸಾವಧಾನವಾಗಿ ಹೋಗಿ ಬಾ' ಎಂದು ನಮ್ಮ ಅಜ್ಜಿಯಂದಿರು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಕಾಲಕ್ರಮದಲ್ಲಿ ಆ ಶಬ್ದ 'ನಿಧಾನ' ಎಂಬಷ್ಟಕ್ಕೆ ಕುಗ್ಗಿತು. ಶಬ್ದದೊಳಗಿದ್ದ ಗಮನ ಸೋರಿಹೋದದ್ದು ನಮಗೆ ತಿಳಿಯಲೇ ಇಲ್ಲ.

ಶಾಲೆಗಳು ಕಲಿತ ಪಾಠ

ವಯಸ್ಕರಿಗೆ ಹಿತವಾದದ್ದು ಮಕ್ಕಳಿಗೂ ಹಿತವೆಂದು ಊಹಿಸುವುದು ಸುಲಭ. ಈ ಊಹೆಯನ್ನು ಇಂಗ್ಲೆಂಡಿನ ಸಂಶೋಧಕರು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಎಂಬತ್ತಕ್ಕೂ ಹೆಚ್ಚು ಶಾಲೆಗಳು, ಹನ್ನೊಂದು ವರ್ಷ ದಾಟಿದ 8,000ಕ್ಕೂ ಹೆಚ್ಚು ಮಕ್ಕಳು. ಅರ್ಧದಷ್ಟು ಶಾಲೆಗಳಲ್ಲಿ ತರಬೇತಿ ಪಡೆದ ಅಧ್ಯಾಪಕರು ಮೈಂಡ್‌ಫುಲ್‌ನೆಸ್ ಪಾಠ ಹೇಳಿದರು. ಉಳಿದ ಶಾಲೆಗಳಲ್ಲಿ ಎಂದಿನ ಪಾಠಗಳೇ ನಡೆದವು. 'ಮಿರಿಯಡ್' ಎಂಬ ಹೆಸರಿನ ಈ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಕಲಿತದ್ದನ್ನು ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲಿಲ್ಲ. ಆದರೆ ಪಾಠ ಹೇಳಲೆಂದು ಮೊದಲು ತಾವೇ ಕಲಿತ ಅಧ್ಯಾಪಕರ ಬಳಲಿಕೆ ಅಲ್ಪಕಾಲವಾದರೂ ತಗ್ಗಿತ್ತು.

ಈ ಫಲಿತಾಂಶವನ್ನು ಹಿಡಿದು 'ಇದೆಲ್ಲ ಬೂಟಾಟಿಕೆ' ಎಂದು ಕೈತೊಳೆದುಕೊಂಡವರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ನನಗೆ ಕಾಣುವುದು ಬೇರೆ. ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ, ವಾರಕ್ಕೊಂದು ಅವಧಿ ಪಾಠ ಮಾಡಿ, ಅವರನ್ನು ಅದೇ ಮನೆಗೆ, ಅದೇ ಗಡಿಬಿಡಿಗೆ ಮರಳಿ ಕಳುಹಿಸಿದರೆ ಪಾಠ ಶಾಲೆಯ ಗೇಟಿನಲ್ಲೇ ಉಳಿಯುತ್ತದೆ. ತಾವೇ ಅಭ್ಯಾಸ ಮಾಡಿದ ಹಿರಿಯರಿಗೆ ಪ್ರಯೋಜನವಾಯಿತು ಎಂಬುದರಲ್ಲಿಯೂ ನಮಗೊಂದು ಸೂಚನೆ ಇಲ್ಲವೇ?

ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ದೆಹಲಿ ಸರ್ಕಾರ 2018ರ ಜುಲೈ ತಿಂಗಳಲ್ಲಿ ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ 'ಹ್ಯಾಪಿನೆಸ್' ಪಠ್ಯಕ್ರಮವನ್ನು ಆರಂಭಿಸಿತು. ದಲೈ ಲಾಮಾ ಅವರು ಅದನ್ನು ಉದ್ಘಾಟಿಸಿದರು. ಕಥೆ, ಚಟುವಟಿಕೆ, ಕೆಲವು ನಿಮಿಷಗಳ ಮೌನ ಅದರಲ್ಲಿದ್ದವು. ಅಂಕಗಳಿಲ್ಲದ ಅವಧಿಯೊಂದನ್ನು ಶಾಲೆಯೊಳಗೆ ತಂದದ್ದು ಮೆಚ್ಚತಕ್ಕ ಮಾತೇ. ಆದರೆ ನಾನು ಕಣ್ಣಾರೆ ಕಂಡ ಇನ್ನೊಂದು ಚಿತ್ರವನ್ನೂ ಹೇಳಬೇಕು. ನಮ್ಮ ಕಡೆಯ ಖಾಸಗಿ ಶಾಲೆಯೊಂದರ ಪೋಷಕರ ಸಭೆಯಲ್ಲಿ, 'ಮಕ್ಕಳ ಒತ್ತಡ ಕಡಿಮೆ ಮಾಡಲು' ಧ್ಯಾನದ ಅವಧಿಯನ್ನು ಸೇರಿಸಿರುವುದಾಗಿ ಹೆಮ್ಮೆಯಿಂದ ಪ್ರಕಟಿಸಲಾಯಿತು. ವೇಳಾಪಟ್ಟಿಯಲ್ಲಿ ಅದಕ್ಕೆ ಎಡೆ ಎಲ್ಲಿ ಸಿಕ್ಕಿತು? ಆಟದ ಅವಧಿಯನ್ನು ಕತ್ತರಿಸಿ. ವಾರದ ಪರೀಕ್ಷೆಗಳು ಒಂದೂ ಕಡಿಮೆಯಾಗಲಿಲ್ಲ. ನಾವು ಪೋಷಕರೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಮೈದಣಿಯೆ ಓಡಿ ಬಂದ ಮಗು ತಾನಾಗಿಯೇ ಶಾಂತವಾಗುತ್ತದೆ ಎಂಬ ಸರಳ ಸತ್ಯ ಆ ಸಭೆಯಲ್ಲಿ ಯಾರ ನಾಲಿಗೆಗೂ ಬರಲಿಲ್ಲ. ಹೊರೆಯನ್ನು ಇಳಿಸದೆ, ಹೊರೆ ಹೊತ್ತವನಿಗೆ ಉಸಿರಾಟದ ಪಾಠ ಹೇಳುವುದಕ್ಕೆ ದಯೆ ಎಂದು ಹೆಸರಿಡಬಹುದೇ?

ಅಂದು ರಾತ್ರಿ ಮನೆಯಲ್ಲಿ ಮಗಳಿಗೆ 'ಹತ್ತು ಸಲ ಉಸಿರು ಎಣಿಸು' ಎಂದು ನಾನು ಹೇಳಿದೆ. ಹೇಳುತ್ತಲೇ ಕೈಯಲ್ಲಿದ್ದ ಮೊಬೈಲಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿದ್ದೆ. 'ಅಪ್ಪಾ, ನೀನೂ ಎಣಿಸು' ಎಂದಳು. ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದ.

'ಇದು ನಮ್ಮದಲ್ಲ' ಎನ್ನುವವರಿಗೆ

ನಮ್ಮವರಲ್ಲಿಯೇ ಕೆಲವರು ಬೇರೊಂದು ಕಾರಣಕ್ಕೆ ಇದರಿಂದ ದೂರ ಸರಿಯುತ್ತಾರೆ. 'ಇದು ಬೌದ್ಧರದು, ಕ್ರೈಸ್ತ ಮನೆಗೆ ಇದೇಕೆ?' ಎಂಬುದು ಅವರ ಪ್ರಶ್ನೆ. ಅದನ್ನು ಹಗುರಾಗಿ ತಳ್ಳಿಹಾಕಬಾರದು. ಧರ್ಮಸಭೆ 1989ರಲ್ಲಿ ಕ್ರೈಸ್ತ ಧ್ಯಾನವನ್ನು ಕುರಿತು ಬರೆದ ಪತ್ರದಲ್ಲಿ, ದೇಹದ ನೆಮ್ಮದಿಯನ್ನೇ ಪವಿತ್ರಾತ್ಮರ ಸಾಂತ್ವನವೆಂದು ತಪ್ಪಾಗಿ ತಿಳಿಯದಿರುವಂತೆ ಎಚ್ಚರಿಸಿತು. ಅದೇ ಪತ್ರ, ಇತರ ಧರ್ಮಗಳ ಸಾಧನಾ ಕ್ರಮಗಳು ಪ್ರಾರ್ಥಿಸುವವನಿಗೆ ನೆರವಾಗಬಲ್ಲವೆಂಬುದನ್ನೂ ಒಪ್ಪಿತು. ಉಸಿರನ್ನು ಗಮನಿಸುವುದು ಪ್ರಾರ್ಥನೆಯಲ್ಲ. ಪ್ರಾರ್ಥನೆಗೆ ಮುಂಚೆ ಅಂಗಳ ಗುಡಿಸಿದಂತೆ. ಗುಡಿಸುವ ಪೊರಕೆಗೆ ಜಾತಿಯನ್ನು ಕೇಳುವವರುಂಟೇ?

ಅಷ್ಟಕ್ಕೂ ಗಮನದ ಸಂಪ್ರದಾಯ ನಮ್ಮಲ್ಲಿಲ್ಲವೇ? ಆತಂಕಗೊಂಡ ಜನರಿಗೆ ಯೇಸುಸ್ವಾಮಿ ತೋರಿಸಿದ್ದು ಆಕಾಶದ ಹಕ್ಕಿಗಳನ್ನು, ಹೊಲದ ಹೂಗಳನ್ನು. ಅವನ್ನು ನೋಡಿರಿ ಎಂದರು. ಪ್ರವಾದಿ ಎಲೀಯನಿಗೆ ದೇವರು ಎದುರಾದದ್ದು ಬಿರುಗಾಳಿಯಲ್ಲಲ್ಲ, ಭೂಕಂಪದಲ್ಲಲ್ಲ, ಬೆಂಕಿಯಲ್ಲಲ್ಲ. ಅವೆಲ್ಲ ಅಡಗಿದ ಮೇಲಿನ ಮೆಲುದನಿಯಲ್ಲಿ. ಸಂತ ಇಗ್ನಾಸಿಯವರು ಹದಿನಾರನೆಯ ಶತಮಾನದಲ್ಲಿ ಕಲಿಸಿದ ದಿನದ ಆತ್ಮಶೋಧನೆ, ಕಳೆದ ದಿನವನ್ನು ಕೃತಜ್ಞತೆಯಿಂದ ತಿರುಗಿ ನೋಡುವ ಅಭ್ಯಾಸವೇ ಆಗಿದೆ. ಇಷ್ಟೆಲ್ಲ ಇದ್ದೂ ನಮ್ಮ ಸಂಜೆಯ ಪ್ರಾರ್ಥನೆಯಲ್ಲಿ ಗಮನ ಎಷ್ಟಿದೆ? ಜಪಸರದ ಮಣಿಗಳು ರೈಲಿನ ವೇಗದಲ್ಲಿ ಓಡುತ್ತವೆ. ಅನ್ಯರ ಧ್ಯಾನವನ್ನು ಅನುಮಾನಿಸುವ ಮುನ್ನ ನಮ್ಮ ಅವಸರವನ್ನು ಅನುಮಾನಿಸೋಣ.

ಮೌನವೂ ಒಂದು ಆಟ

ಮಕ್ಕಳ ಮೌನದ ವಿಷಯದಲ್ಲಿ ನಾವು ಗುರುವಾಗಿ ಸ್ವೀಕರಿಸಬೇಕಾದವರು ಮರಿಯಾ ಮಾಂಟೆಸೊರಿ. ಇಟಲಿಯ ಈ ವೈದ್ಯೆ 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ 'ಮಕ್ಕಳ ಮನೆ'ಯನ್ನು ತೆರೆದರು. ಒಂದು ದಿನ ನಾಲ್ಕು ತಿಂಗಳ ಕೂಸೊಂದನ್ನು ಎತ್ತಿಕೊಂಡು ಅವರು ತರಗತಿಯೊಳಗೆ ಬಂದರು. 'ನೋಡಿ, ಇದು ಎಷ್ಟು ಸದ್ದಿಲ್ಲದೆ ಇದೆ; ನೀವು ಯಾರೂ ಇಷ್ಟು ಸದ್ದಿಲ್ಲದೆ ಇರಲಾರಿರಿ' ಎಂಬ ಅರ್ಥದಲ್ಲಿ ತಮಾಷೆಯಾಗಿ ನುಡಿದರು. ಮಕ್ಕಳು ಆ ಮಾತನ್ನು ಸವಾಲಾಗಿ ತೆಗೆದುಕೊಂಡರು. ಕೈಕಾಲು ಬಿಗಿಹಿಡಿದರು, ಉಸಿರನ್ನೂ ಹದವಾಗಿಸಿದರು. ಆ ಅನುಭವದಿಂದಲೇ 'ಮೌನದ ಆಟ' ಬೆಳೆಯಿತು. ಎಂದೂ ಕಿವಿಗೆ ಬೀಳದ ಗಡಿಯಾರದ ಸದ್ದು ಆಗ ಮಕ್ಕಳಿಗೆ ಕೇಳಿಸುತ್ತದೆ. ಅಧ್ಯಾಪಕಿ ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನು ಪಿಸುಗುಟ್ಟುತ್ತಾರೆ. ಹೆಸರು ಕೇಳಿಸಿದ ಮಗು ಕುರ್ಚಿಯೂ ಸದ್ದಾಗದಂತೆ ಎದ್ದು, ತುದಿಗಾಲಲ್ಲಿ ನಡೆದು ಅವರ ಬಳಿಗೆ ಹೋಗುತ್ತದೆ.

ಗಮನಿಸಿ: ಇಲ್ಲಿ ಬೆದರಿಕೆಯಿಲ್ಲ. 'ಬಾಯಿ ಮುಚ್ಚು' ಎಂಬ ಗದರಿಕೆಯಿಲ್ಲ. ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯಾಗಿ ಮೌನವನ್ನು ಹೇರಿಲ್ಲ. ಮಗು ತಾನೇ ಬಯಸಿ, ಎಲ್ಲರೊಡನೆ ಕೂಡಿ ಕಟ್ಟುವ ಮೌನವಿದು. ಕೊನೆಗೆ ಅದರ ಹೆಸರನ್ನು ಪ್ರೀತಿಯಿಂದ ಕರೆಯುವ ಒಂದು ದನಿಯೂ ಕಾದಿದೆ. 1939ರಲ್ಲಿ ಭಾರತಕ್ಕೆ ಬಂದ ಮಾಂಟೆಸೊರಿಯವರು ಮಹಾಯುದ್ಧದ ಕಾರಣ 1946ರವರೆಗೆ ಇಲ್ಲಿಯೇ ಉಳಿದು, ಮದರಾಸಿನ ಅಡ್ಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ಶಿಕ್ಷಕರನ್ನು ತಯಾರು ಮಾಡಿದರು. ಅವರ ಹೆಸರಿನ ಫಲಕಗಳು ಇಂದು ನಮ್ಮ ಬೀದಿಬೀದಿಗಳಲ್ಲಿವೆ. ಅವರ ಮೌನ ಎಷ್ಟು ಕಡೆ ಇದೆ?

ಮನೆಯಲ್ಲಿ ಮಾಡಬಹುದಾದದ್ದು

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳುತ್ತೀರಿ. ದುಡ್ಡು ಬೇಡುವ ಯಾವುದನ್ನೂ ಮಾಡಬೇಕಾಗಿಲ್ಲ. ಕೆಳಗಿನ ಕೆಲವನ್ನು ಪ್ರಯತ್ನಿಸಿ ನೋಡಿ. ಷರತ್ತು ಒಂದೇ: ಮಗುವಿನೊಡನೆ ನೀವೂ ಮಾಡಬೇಕು.

ನಾದದ ಬೆನ್ನು ಹತ್ತುವುದು: ಕಂಚಿನ ಲೋಟವನ್ನೋ ಸ್ಟೀಲು ತಟ್ಟೆಯನ್ನೋ ಚಮಚದಿಂದ ಒಮ್ಮೆ ಬಾರಿಸಿ. ಸದ್ದು ಪೂರ್ತಿ ಅಡಗುವವರೆಗೆ ಕೇಳಿಸಿಕೊಂಡು, ಅಡಗಿದಾಗ ಎಲ್ಲರೂ ಕೈ ಎತ್ತಬೇಕು. ಮಕ್ಕಳ ಕೈ ನಮಗಿಂತ ತಡವಾಗಿ ಮೇಲೇಳುತ್ತದೆ. ಅವರ ಕಿವಿ ಇನ್ನೂ ಹರಿತವಾಗಿದೆ. ದೇವಾಲಯದ ಸಂಜೆಯ ಗಂಟೆ ನಿಮ್ಮ ಮನೆಗೆ ಕೇಳಿಸುವುದಾದರೆ ಲೋಟವೂ ಬೇಡ.

ಹೊಟ್ಟೆಯ ಮೇಲೆ ದೋಣಿ: ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಕಾಗದದ ದೋಣಿಯನ್ನಿಡಿ. ಉಸಿರು ಒಳಬಂದಾಗ ದೋಣಿ ಏರುತ್ತದೆ, ಹೊರಹೋದಾಗ ಇಳಿಯುತ್ತದೆ. ದೋಣಿ ಮುಳುಗದಂತೆ ಹತ್ತು ಅಲೆಗಳನ್ನು ದಾಟಿಸುವುದೇ ಆಟ. ನಿಧಾನವಾದ ಉಸಿರು, ಅದರಲ್ಲಿಯೂ ದೀರ್ಘವಾಗಿ ಹೊರಬಿಡುವ ಉಸಿರು, ಎದೆಬಡಿತವನ್ನು ಸಾವಕಾಶಗೊಳಿಸುತ್ತದೆ. ಐದು ವರ್ಷದ ಮಗುವಿಗೆ ಒಂದೆರಡು ನಿಮಿಷ ಧಾರಾಳ.

ತುಂಬಿದ ಲೋಟದ ನಡಿಗೆ: ಅಂಚಿನವರೆಗೆ ನೀರು ತುಂಬಿದ ಲೋಟವನ್ನು ಹಿಡಿದು ಅಡುಗೆಮನೆಯಿಂದ ಮುಂಬಾಗಿಲವರೆಗೆ ಒಂದು ಹನಿಯೂ ಚೆಲ್ಲದಂತೆ ನಡೆಯಬೇಕು. ತಂದೆ ಚೆಲ್ಲಿದಾಗ ಮಕ್ಕಳಿಗಾಗುವ ಸಂತೋಷವನ್ನು ಹೇಳತೀರದು. ಚೆಲ್ಲಿದ ನೀರನ್ನು ಚೆಲ್ಲಿದವರೇ ಒರೆಸಬೇಕು.

ಅವರೆಕಾಯಿಯ ಪಾಠ: ಮಾಗಿಯ ಚಳಿಯಲ್ಲಿ ಅವರೆಕಾಯಿ ಬಂದಾಗ ಮನೆಮಂದಿಯೆಲ್ಲ ಮೊರದ ಸುತ್ತ ಕುಳಿತು ಸುಲಿಯಿರಿ. ಸೊನೆಯ ಕಂಪು, ಸಿಪ್ಪೆ ಬಿರಿಯುವ ಸದ್ದು, ಬೆರಳಿಗೆ ತಾಗುವ ಕಾಳಿನ ನುಣುಪು, ನಡುವೆ ತಲೆಯೆತ್ತುವ ಹುಳು ಎಲ್ಲವೂ ಮಗುವಿನ ಪಂಚೇಂದ್ರಿಯಗಳನ್ನು ಎಚ್ಚರಿಸುತ್ತವೆ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಕನಕಾಂಬರ ಕಟ್ಟುವುದು, ಬಟ್ಟೆ ಮಡಚುವುದು ಇದೇ ಜಾತಿಯ ಕೆಲಸಗಳು. ಕೈ ಕೆಲಸದಲ್ಲಿದ್ದಾಗ ಮಕ್ಕಳ ಬಾಯಿಂದ ಬರುವ ಮಾತುಗಳು, 'ಇವತ್ತು ಶಾಲೆಯಲ್ಲಿ ಏನಾಯಿತು?' ಎಂಬ ನಮ್ಮ ವಿಚಾರಣೆಗೆ ಎಂದೂ ಬರುವುದಿಲ್ಲ.

ಮೊದಲ ಮೂರು ತುತ್ತು: ಊಟದ ಪ್ರಾರ್ಥನೆಯಾದ ಮೇಲೆ ಮೊದಲ ಮೂರು ತುತ್ತುಗಳನ್ನು ಮಾತಿಲ್ಲದೆ, ಟಿ.ವಿ. ಇಲ್ಲದೆ, ರುಚಿ ನೋಡುತ್ತ ತಿನ್ನಿರಿ. ಒಣದ್ರಾಕ್ಷಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮುದ್ದೆ ಸಾರು ಸಾಕು. ನಾಲ್ಕನೆಯ ತುತ್ತಿಗೆ, ಇದನ್ನು ಬೆಳೆದವರಾರು, ಬೇಯಿಸಿದವರಾರು ಎಂದು ಮಗುವನ್ನು ಕೇಳಿ.

ಐದು, ನಾಲ್ಕು, ಮೂರು: ಬಸ್ಸಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ಪರೀಕ್ಷೆಯ ಬಾಗಿಲಲ್ಲಿ ಮಗು ಕಂಗಾಲಾದಾಗ ಮೊಬೈಲು ಕೊಡಬೇಡಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ನಾಲಿಗೆಯಲ್ಲಿರುವ ಒಂದು ರುಚಿ, ಇವನ್ನು ಹೇಳಿಸಿ. ಭಯ ನಾಳೆಯಲ್ಲಿ ವಾಸಿಸುತ್ತದೆ, ಇಂದ್ರಿಯಗಳು ಇಂದಿನಲ್ಲಿ.

ನಾಲ್ಕು ಬೆಣಚುಕಲ್ಲು: ಇದು 2022ರಲ್ಲಿ ತೀರಿಕೊಂಡ ವಿಯೆಟ್ನಾಮಿನ ಬೌದ್ಧ ಗುರು ತಿಕ್ ನ್ಯಾಟ್ ಹಾನ್ ಅವರು ಮಕ್ಕಳಿಗೆ ಕಲಿಸುತ್ತಿದ್ದ ಅಭ್ಯಾಸ. ನಾಲ್ಕು ಕಲ್ಲುಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟುಕೊಂಡು, ಹೂವಿನ ತಾಜಾತನ, ಬೆಟ್ಟದ ದೃಢತೆ, ತಿಳಿನೀರಿನ ನಿಶ್ಚಲತೆ, ಬಯಲಿನ ವಿಶಾಲತೆಗಳನ್ನು ನೆನೆಯುತ್ತ ಕೆಲವು ಉಸಿರು ಕುಳಿತಿರುವುದು. ಸಾಲ ಪಡೆದದ್ದನ್ನು ಸಾಲವೆಂದು ಹೇಳಿಯೇ ಬಳಸೋಣ.

ಮಲಗುವ ಮುನ್ನ ಮೂರು ಪ್ರಶ್ನೆ: ಇಂದು ಯಾವುದು ಖುಷಿ ಕೊಟ್ಟಿತು? ಯಾವುದು ನೋಯಿಸಿತು? ಯಾರಿಗೆ ಧನ್ಯವಾದ ಹೇಳಬೇಕು? ಮಗುವಿನ ಉತ್ತರಕ್ಕೆ ಉಪದೇಶ ಅಂಟಿಸಬೇಡಿ. ನಿಮ್ಮ ಉತ್ತರವನ್ನೂ ಹೇಳಿ. 'ಇವತ್ತು ನಿನ್ನ ಮೇಲೆ ಸುಮ್ಮನೆ ರೇಗಿದೆ, ಅದು ನನ್ನನ್ನು ನೋಯಿಸಿತು' ಎಂದು ತಂದೆಯೊಬ್ಬ ಹೇಳಿದ ರಾತ್ರಿಯನ್ನು ಮಗು ಮರೆಯಲಾರದು.

ಎರಡು ಎಚ್ಚರಿಕೆಗಳು

ಇವನ್ನು ಶಿಕ್ಷೆಯಾಗಿ ಬಳಸಬೇಡಿ. ಸಿಟ್ಟಿನಲ್ಲಿ ಕಿರಿಚುವ ಮಗುವನ್ನು 'ಹೋಗು, ಉಸಿರು ಎಣಿಸು' ಎಂದು ಕೋಣೆಗೆ ಅಟ್ಟಿದರೆ, ಉಸಿರೇ ಅದಕ್ಕೆ ಜೈಲಾಗುತ್ತದೆ. ಕಣ್ಣು ಮುಚ್ಚಲು ಹೆದರುವ ಮಗು ಕಣ್ಣು ತೆರೆದೇ ಇರಲಿ. ಕತ್ತಲಲ್ಲಿ ಅದಕ್ಕೆ ಏನು ಕಾಣುತ್ತದೆಯೋ ನಮಗೆ ಗೊತ್ತಿಲ್ಲ.

ಎರಡನೆಯದಾಗಿ, ಇದು ಚಿಕಿತ್ಸೆಗೆ ಬದಲಿಯಲ್ಲ. ವಾರಗಟ್ಟಲೆ ನಿದ್ದೆಗೆಟ್ಟ, ಊಟ ಬಿಟ್ಟ, ಶಾಲೆಯ ಹೆಸರೆತ್ತಿದರೆ ನಡುಗುವ, ಬದುಕುವುದೇ ಬೇಡವೆನ್ನುವ ಮಗುವಿಗೆ ಬೇಕಾದವರು ವೈದ್ಯರು, ಆಪ್ತಸಲಹೆಗಾರರು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವುದರಲ್ಲಿ ಅವಮಾನವಿಲ್ಲ. ಮಾಡದೆ ಉಳಿದು ಆಮೇಲೆ ಅಳುವುದರಲ್ಲಿ ಅರ್ಥವಿಲ್ಲ.

'ಸಮಯ ಎಲ್ಲಿದೆ?'

ಕೊನೆಯ ಆಕ್ಷೇಪ ನನಗೆ ಗೊತ್ತು. 'ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವ ನಮಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ?' ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬರುವ ತಾಯಿ ಹೀಗೆ ಕೇಳಿದರೆ ನಾನು ತಲೆಬಾಗುತ್ತೇನೆ. ಆಕೆಗೆ ಇನ್ನೊಂದು ಕೆಲಸವನ್ನು ಹೊರಿಸಲಾರೆ. ಆದರೆ ಗಮನಿಸಿ, ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ಹೊಸ ಕೆಲಸಗಳೇ ಅಲ್ಲ. ಹೇಗೂ ಉಣ್ಣುತ್ತೇವೆ, ಕಾಳು ಸುಲಿಯುತ್ತೇವೆ, ಮಲಗುತ್ತೇವೆ. ಅವುಗಳೊಳಗೆ ಗಮನವನ್ನು ಮರಳಿ ತರಬೇಕು, ಅಷ್ಟೆ. ಉಳಿದ ನಾವು ದಿನಕ್ಕೆಷ್ಟು ಹೊತ್ತು ಮೊಬೈಲು ನೋಡಿದೆವೆಂಬ ಲೆಕ್ಕವನ್ನು ಆ ಮೊಬೈಲೇ ತೋರಿಸುತ್ತದೆ. ಅದನ್ನೊಮ್ಮೆ ನೋಡಿ ಆಮೇಲೆ ಸಮಯದ ಮಾತನಾಡೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಕೂಡದೆಂದು ಸೂಚಿಸಿತು. ತಂದೆತಾಯಿಗಳಿಗೆ ಎಷ್ಟು ಗಂಟೆಯೆಂದು ಅದು ಹೇಳಲಿಲ್ಲ. ಆ ಲೆಕ್ಕವನ್ನು ನಮ್ಮ ಮಕ್ಕಳು ಇಡುತ್ತಿದ್ದಾರೆ.

ನೂಲಿನಂತೆ ಸೀರೆ ಎಂಬ ಗಾದೆ ಸುಳ್ಳಲ್ಲ. ಚದುರಿದ ಮನೆಯಲ್ಲಿ ನೆಲೆಗೊಂಡ ಮಗುವನ್ನು ನೇಯಲಾಗದು. ಆದುದರಿಂದ ಇಂದು ಸಂಜೆ ಮಗುವನ್ನು ಕೂರಿಸುವ ಗೋಜಿಗೆ ಹೋಗಬೇಡಿ. ಟಿ.ವಿ. ಆರಿಸಿ, ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು, ಚಾಪೆ ಹಾಸಿ ನೀವೇ ಸುಮ್ಮನೆ ಕುಳಿತುಕೊಳ್ಳಿ. ಐದು ನಿಮಿಷದಲ್ಲಿ ಮಗು ಬಂದು ಪಕ್ಕದಲ್ಲಿ ಕುಳಿತು 'ಏನು ಮಾಡ್ತಿದ್ದೀಯಾ?' ಎಂದು ಕೇಳುತ್ತದೆ. ಆಗ ಅದರ ಕಡೆ ತಿರುಗಿ, ಅದರ ಮುಖವನ್ನು ನೋಡಿ. ಬೆಳಿಗ್ಗೆ ಅರ್ಧಕ್ಕೆ ನಿಲ್ಲಿಸಿದ ಮಾತು ಅದರ ಬಾಯಲ್ಲಿ ಇನ್ನೂ ಉಳಿದಿರಬಹುದು.